ಡಬ್ಬಿಗೆ ಬಿದ್ದ ಗುಳಿಗೆಗಳು

ಗಣಿ ಕೆಲಸಗಾರರ ಮನೆಗಳಿಗೆ ಹತ್ತಿ ಹೋಗಲು ನಲವತ್ತೆರಡು ಮೆಟ್ಟಿಲು. ಹನ್ನೆರಡನೆಯ ಮೆಟ್ಟಿಲಿಗೆ ಬಂದಾಗ ಸೀಟಿ ಕೂತುಕೊಂಡು ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಇಪ್ಪತ್ತನಾಲ್ಕನೆಯದರಲ್ಲಿ ಇನ್ನೊಂದು ಕಾಲಿನದು. ಮೂವತ್ತಾರರಲ್ಲಿ ಬಿಚ್ಚಿ ಕಟ್ಟುವುದಕ್ಕೆ ಮೂರನೆಯ ಬೂಟು ಎಲ್ಲಿಂದ ತರಬೇಕು? ಅಲ್ಲಿ ತಿರುಗಿ ನಿಂತು, ಯಾರನ್ನೋ ಕಾಯುವವನ ಹಾಗೆ ಕೆಳಗಿನ ಬೀದಿ ನೋಡುತ್ತಿದ್ದ. ಇಡೀ ಮನೆಸಾಲಿಗೇ ಗೊತ್ತಿತ್ತು ಅವನು ಯಾರನ್ನೂ ಕಾಯುತ್ತಿಲ್ಲ ಎಂದು. ಆದರೂ ಹಾದು ಹೋಗುವವರು, "ಯಾರು ಬರಬೇಕಿತ್ತಣ್ಣ?" ಎಂದು ಕೇಳಿ ಅವನ ಮಾನ ಉಳಿಸುತ್ತಿದ್ದರು. ಅವರಲ್ಲೂ ಅರ್ಧಕ್ಕರ್ಧ ಜನ ಮುಂದಿನ ಮೆಟ್ಟಿಲಲ್ಲಿ ತಾವೂ ನಿಲ್ಲುವವರೇ.

ಅವನಿಗೆ ಆ ಹೆಸರು ಬಂದಿದ್ದು ಅವನ ಉಸಿರಿನಿಂದ. ಸುರಂಗದಲ್ಲಿ ಸಿಡಿಮದ್ದು ಹಚ್ಚುವ ಮೊದಲು ಎಲ್ಲರೂ ದೂರ ಸರಿಯಲಿ ಎಂದು ಎಚ್ಚರಿಕೆ ಕೊಡಬೇಕು. ಕಂಪನಿ ಕೊಟ್ಟ ಪೀಪಿಯನ್ನು ಅವನು ಎಂದೂ ಮುಟ್ಟಿದವನಲ್ಲ. ಎರಡು ಬೆರಳು ಬಾಯಿಗಿಟ್ಟು ಊದಿದನೆಂದರೆ ಮೂರು ಸುರಂಗದಾಚೆ ಕೆಲಸ ಮಾಡುವವರೂ ಗುದ್ದಲಿ ಕೆಳಗಿಡುತ್ತಿದ್ದರು. ಈಗ ಬೆರಳಿಟ್ಟರೆ ಬರುವುದು ಬರೀ ಗಾಳಿ, ಅದರ ಹಿಂದೆ ಕೆಮ್ಮು. ವಯಸ್ಸು ನಲವತ್ತಾರು.

ಬಂಡೆ ಕೊರೆಯುವಾಗ ಡ್ರಿಲ್ಲಿನ ತುದಿಗೆ ನೀರು ಹರಿಯುತ್ತಿರಬೇಕು. ನೀರಿದ್ದರೆ ಧೂಳು ಕೆಸರಾಗಿ ಕಾಲಡಿಗೆ ಇಳಿಯುತ್ತದೆ, ಇಲ್ಲದಿದ್ದರೆ ಎದೆಗೆ ಇಳಿಯುತ್ತದೆ. ಆ ಗಣಿಯಲ್ಲಿ ನೀರಿನ ಪೈಪು ಒಡೆದು ನಾಲ್ಕು ವರ್ಷವಾಗಿತ್ತು. ಕೇಳಿದಾಗಲೆಲ್ಲ ಮ್ಯಾನೇಜರ್ ಹೇಳುತ್ತಿದ್ದ ಮಾತು ಒಂದೇ: "ಆರ್ಡರ್ ಹಾಕಿದೀವಿ, ಬರ್ತಾ ಇದೆ." ಪೈಪು ಬರಲಿಲ್ಲ. ಒಬ್ಬೊಬ್ಬರ ಎಕ್ಸ್‌ರೇ ಫೋಟೋದಲ್ಲಿ ಬಿಳಿ ಚುಕ್ಕೆಗಳು ಬಂದವು.

ಇನ್ನು ಉಳಿದಿದ್ದ ದಾರಿ ಒಂದು ಸರ್ಟಿಫಿಕೇಟು. ವರ್ಷಕ್ಕೊಮ್ಮೆ ಹೊರಗಿನಿಂದ ವೈದ್ಯರ ಮಂಡಳಿ ಬಂದು ಪರೀಕ್ಷೆ ಮಾಡಿ, ಇದು ಧೂಳಿನ ಕಾಯಿಲೆ ಎಂದು ಬರೆದುಕೊಟ್ಟರೆ ಆ ಮನುಷ್ಯನನ್ನು ಕಂಪನಿ ಮತ್ತೆ ಕೆಳಗೆ ಇಳಿಸುವ ಹಾಗಿಲ್ಲ. ಮೇಲೆಯೇ ಕೆಲಸ ಕೊಡಬೇಕು. ಅವನು ಸತ್ತರೂ ಹೆಂಡತಿಯನ್ನು ಮನೆಯಿಂದ ಎಬ್ಬಿಸುವಂತಿಲ್ಲ. ಸೀಟಿಗೆ ಬೇರೇನೂ ಬೇಕಿರಲಿಲ್ಲ. ಇನ್ನೊಂದು ವರ್ಷ ಕೆಳಗಿಳಿದರೆ ಮೇಲೆ ಬರುವುದು ಹೆಣವೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಮಂಡಳಿ ಬರುವುದಕ್ಕೆ ಹತ್ತು ದಿನ ಇರುವಾಗ, ಬಿಳಿ ಚುಕ್ಕೆಯ ಅರವತ್ತು ಜನರನ್ನು ಕಂಪನಿ ಆಸ್ಪತ್ರೆಯ ದೊಡ್ಡ ಡಾಕ್ಟರು ಕರೆಸಿದರು.

"ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇದ್ದೇ ಇರುತ್ತೆ. ಬಾಯಿಂದ ಎಳೆಯೋ ಪಂಪು, ಮಾತ್ರೆ, ಆಕ್ಸಿಜನ್ ಯಾವುದನ್ನೂ ತೆಗೆಯಲ್ಲ," ಎಂದರು. "ಅದರ ಜೊತೆಗೆ ಹೋಮಿಯೋಪತಿ ಗುಳಿಗೆ ಕೊಡ್ತೀವಿ. ಅದರಿಂದ ಶ್ವಾಸಕೋಶಕ್ಕೆ ಲಾಭ ಆಗುತ್ತಾ ಅಂತ ನೋಡೋ ಪ್ರಯೋಗ ಇದು. ಆರು ತಿಂಗಳು ಯಾರೂ ಕೆಳಗೆ ಇಳಿಯೋದು ಬೇಡ. ಮೇಲೇ ಹಗುರವಾದ ಕೆಲಸ."

ಆರು ತಿಂಗಳು ಕೆಳಗೆ ಇಳಿಯುವುದು ಬೇಡ ಎಂಬ ಮಾತು ಕೇಳಿದ ಮೇಲೆ ಉಳಿದದ್ದು ಯಾರ ಕಿವಿಗೂ ಬೀಳಲಿಲ್ಲ. ಅರವತ್ತು ಜನರೂ ಸಹಿ ಮಾಡಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಗುಳಿಗೆ ಹಂಚಲು ಬಂದವಳು ಇನ್ನೂ ಮೂವತ್ತಾಗದ ಹೆಣ್ಣುಮಗಳು. ಶೀಶೆ ಡಾಕ್ಟ್ರಮ್ಮ ಎಂದು ಎರಡನೆಯ ದಿನಕ್ಕೇ ಹೆಸರಾಯಿತು. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಶೀಶೆ, ಮೇಲೆ ನಂಬರು. ಎದುರು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ಸುಳ್ಳು ಹೇಳುವ ಮುಖವಲ್ಲ ಅದು.

"ಅರ್ಧ ಜನರ ಶೀಶೆಯಲ್ಲಿ ಔಷಧಿ ಇದೆ. ಇನ್ನರ್ಧ ಜನರದ್ದರಲ್ಲಿ ಬರೀ ಸಕ್ಕರೆ ಗುಳಿಗೆ. ನೋಡೋಕೆ, ರುಚಿಗೆ ಎರಡೂ ಒಂದೇ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ."

"ಕೊಡೋರಿಗೇ ಗೊತ್ತಿಲ್ವಾ ತಾಯಿ?" ಸೀಟಿಯ ಜೊತೆಗಾರ ಗುಂಡು ಕೇಳಿದ.

"ಗೊತ್ತಿರಬಾರದು. ಗೊತ್ತಿದ್ರೆ ಪರೀಕ್ಷೆ ಸರಿಯಾಗಲ್ಲ."

"ಹಂಗಾದ್ರೆ ನಮ್ಮ ಕ್ಯಾಂಟೀನ್ ಅಡುಗೆ ಇದ್ದಂಗೆ ಅನ್ನಿ. ಏನು ಹಾಕಿದೀನಿ ಅಂತ ಅಲ್ಲೂ ಮಾಡಿದೋನಿಗೆ ಗೊತ್ತಿರಲ್ಲ."

ಅವಳು ನಕ್ಕಳು. ಆಮೇಲೆ ಒಂದು ಕೊಳವೆ ತೆಗೆದಳು. ಬಾಯಿಗಿಟ್ಟು ಜೋರಾಗಿ ಊದಿದರೆ ಅದರ ಪಕ್ಕದ ಕೆಂಪು ಮುಳ್ಳು ಮುಂದಕ್ಕೆ ಓಡಿ ಒಂದು ಅಂಕಿಯ ಹತ್ತಿರ ನಿಲ್ಲುತ್ತಿತ್ತು. ಸೀಟಿಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ಇಪ್ಪತ್ತೈದು ವರ್ಷ ಡ್ರಿಲ್ಲಿನ ಗಾಳಿ ಒತ್ತಡದ ಮೀಟರು ನೋಡಿದವನಿಗೆ ಮುಳ್ಳು ಓದುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಅವನು ಊದಿದ. ಮುನ್ನೂರು.

"ನಿಮ್ಮ ಎತ್ತರದವರಿಗೆ ಐನೂರೈವತ್ತರ ಹತ್ತಿರ ಇರಬೇಕು," ಎಂದಳು ಅವಳು ಮೆಲ್ಲಗೆ.

"ಇತ್ತು ತಾಯಿ. ಅದಕ್ಕಿಂತ ಜಾಸ್ತಿನೇ ಇತ್ತು."

ಸೀಟಿಯ ಗ್ಯಾಂಗಿನಲ್ಲಿ ಆರು ಜನ. ಆರೂ ಜನ ಪ್ರಯೋಗದಲ್ಲಿದ್ದರು, ಆರೂ ಜನರಿಗೆ ದೀಪದ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಕೆಳಗಿಳಿಯುವವರ ತಲೆದೀಪ ಒರೆಸಿ ಚಾರ್ಜಿಗೆ ಹಾಕುವುದು. ಹಿರಿಯನೆಂದರೆ ಕಂಬದಜ್ಜ. ಸುರಂಗದ ಸೂರಿಗೆ ಮರದ ಕಂಬ ಕೊಡುವುದರಲ್ಲಿ ಅವನದು ಎತ್ತಿದ ಕೈ. ಅಜ್ಜ ಎನ್ನುವಷ್ಟು ವಯಸ್ಸೇನೂ ಆಗಿರಲಿಲ್ಲ, ಐವತ್ತನಾಲ್ಕು.

ಮೊದಲ ದಿನ ಆರು ಶೀಶೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಆರು ಜನ ಸುತ್ತ ಕೂತರು. ನಡುವೆ ತಗಡಿನ ಡಬ್ಬಿ ಇತ್ತು.

ಆ ಡಬ್ಬಿಯ ವಿಷಯ ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಆ ಗಣಿಯಲ್ಲಿ ಸೂರು ಕುಸಿದು ಕೆಲವರು ಮೂರು ದಿನ ಒಳಗೇ ಉಳಿದರಂತೆ. ಒಬ್ಬನ ಬುತ್ತಿ ಮಾತ್ರ ಕೈಯಲ್ಲಿತ್ತು. ಅದನ್ನು ಒಂದು ಡಬ್ಬಿಗೆ ಹಾಕಿ ಎಲ್ಲರೂ ಸಮಸಮ ತಿಂದು ಜೀವ ಉಳಿಸಿಕೊಂಡರು. ಅಂದಿನಿಂದ ಗ್ಯಾಂಗಿಗೊಂದು ಡಬ್ಬಿ. ಬುತ್ತಿ, ಬೆಲ್ಲ, ಬೀಡಿ, ತಲೆನೋವಿನ ಮಾತ್ರೆ, ಬಾಯಿಗೆ ಹೋಗುವಂಥದ್ದು ಏನೇ ಬಂದರೂ ಮೊದಲು ಡಬ್ಬಿಗೆ. ಡಬ್ಬಿಯಿಂದ ಬಾಯಿಗೆ. ತನ್ನದನ್ನು ತಾನೊಬ್ಬನೇ ತಿಂದವನ ಜೊತೆ ಯಾರೂ ಕೆಳಗಿಳಿಯುತ್ತಿರಲಿಲ್ಲ.

ಕಂಬದಜ್ಜ ಶೀಶೆಗಳನ್ನೇ ನೋಡುತ್ತ ಹೇಳಿದ: "ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಸಕ್ಕರೆ ಅಂದ್ರೆ ಏನ್ರಪ್ಪಾ ಅರ್ಥ? ನಮ್ಮಲ್ಲಿ ಮೂರು ಜನ ಹುಷಾರಾಗ್ಲಿ, ಮೂರು ಜನ ಅವರ ಮುಖ ನೋಡ್ತಾ ಕೂತಿರ್ಲಿ ಅಂತಾನಾ?"

"ಆಯಮ್ಮ ಹೇಳಿದ್ಲಲ್ಲ, ಪರೀಕ್ಷೆಗೆ ಹಂಗೇ ಇರಬೇಕಂತೆ," ಎಂದ ಸೀಟಿ.

"ಪರೀಕ್ಷೆ ಅವರದು. ಎದೆ ನಮ್ಮದು. ನಿನಗೆ ಮದ್ದು ಸಿಕ್ಕಿ ಗುಂಡನಿಗೆ ಸಕ್ಕರೆ ಸಿಕ್ಕಿದ್ರೆ ನಿನಗೆ ನುಂಗೋಕಾಗುತ್ತಾ?"

ಸೀಟಿ ಗುಂಡುವಿನ ಕಡೆ ನೋಡಿದ. ಹೆಸರು ಬಂದ ಕಾಲದಲ್ಲಿ ಗುಂಡಗೇ ಇದ್ದವನು, ಈಗ ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಇಳಿದು ಹೋಗಿದ್ದ. ಸೀಟಿ ತನ್ನ ಶೀಶೆಯ ಮುಚ್ಚಳ ತಿರುಗಿಸಿ ಗುಳಿಗೆಗಳನ್ನು ಡಬ್ಬಿಗೆ ಸುರಿದ. ಉಳಿದ ಐದೂ ಶೀಶೆಗಳು ಖಾಲಿಯಾದವು. ಕಂಬದಜ್ಜ ಡಬ್ಬಿ ಮುಚ್ಚಿ ಚೆನ್ನಾಗಿ ಕುಲುಕಿದ. ಒಬ್ಬೊಬ್ಬರು ನಾಲ್ಕು ನಾಲ್ಕು ಗುಳಿಗೆ ನಾಲಿಗೆಯ ಮೇಲಿಟ್ಟುಕೊಂಡರು.

"ಇಷ್ಟು ಸಿಹಿ ನನ್ನ ಮದುವೆಯಲ್ಲೂ ತಿಂದಿರಲಿಲ್ಲ," ಎಂದ ಗುಂಡು.

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸೀಟಿಯ ಹೆಂಡತಿಯದು. ಮನೆಗೆ ಬಂದು ಅವನು ಇದನ್ನೆಲ್ಲ ಹೇಳಿದಾಗ ಅವಳು ಹುಬ್ಬು ಗಂಟಿಕ್ಕಿದಳು.

"ಆಯಮ್ಮ ಒಳ್ಳೆಯವಳು ಕಣ್ರೀ. ಬೆಡ್‌ಶೀಟು ಕೊಡುವಾಗ ನನ್ನನ್ನೂ ಅಕ್ಕ ಅಂತಾಳೆ. ಹೇಳಿಬಿಡಿ."

"ಹೇಳಿದ್ರೆ ಪ್ರಯೋಗದಿಂದ ತೆಗೆದು ಕೆಳಗೆ ಇಳಿಸ್ತಾರೆ."

ಅವಳು ಎದ್ದು ಅವನಿಗೆ ಊಟ ಬಡಿಸಿದಳು. ಗಂಡ ಕೆಳಗಿಳಿಯದೆ ಇದ್ದ ಮೊದಲ ದಿನ ಅದು.

ಮಂಡಳಿ ಬಂತು, ಹೋಯಿತು. ಅರವತ್ತು ಜನರಲ್ಲಿ ಒಬ್ಬನನ್ನೂ ನೋಡಲಿಲ್ಲ. ವಿಚಾರಿಸಲು ಹೋದ ಸೀಟಿಗೆ ಆಫೀಸಿನ ಗುಮಾಸ್ತ ಸಹಿ ಮಾಡಿದ ಕಾಗದ ತೆಗೆದು ತೋರಿಸಿದ. "ಓದ್ಕೊಳ್ಳದೆ ಸಹಿ ಹಾಕಿದ್ರಾ? ಪ್ರಯೋಗ ಮುಗಿಯೋವರೆಗೆ ನಿಮಗೆ ಮಂಡಳಿ ಇಲ್ಲ. ಮುಗಿದ ಮೇಲೆ ದೊಡ್ಡ ಡಾಕ್ಟರು ಏನು ಬರೀತಾರೋ ಅದೇ ನಿಮ್ಮ ಸರ್ಟಿಫಿಕೇಟು."

ಸೀಟಿಗೆ ಸಮಾಧಾನಕ್ಕೆ ಒಂದೇ ವಿಷಯವಿತ್ತು: ಕೊಳವೆಯ ಮುಳ್ಳು ಸುಳ್ಳು ಹೇಳುವುದಿಲ್ಲ. ತಿಂಗಳಿಗೊಮ್ಮೆ ಊದಿ ಬಂದ ಮೇಲೆ ಅವನು ಡಬ್ಬಿಯ ಮುಚ್ಚಳದ ಮೇಲೆ ಮೊಳೆಯಿಂದ ಗೀರಿಕೊಳ್ಳುತ್ತಿದ್ದ. ಮುನ್ನೂರು. ಇನ್ನೂರ ತೊಂಬತ್ತು. ಇನ್ನೂರ ಎಪ್ಪತ್ತು. ಶೀಶೆ ಡಾಕ್ಟ್ರಮ್ಮನೂ ಪ್ರಾಮಾಣಿಕವಾಗಿ ಅದನ್ನೇ ಬರೆದುಕೊಳ್ಳುತ್ತಿದ್ದಳು.

ಐದನೆಯ ತಿಂಗಳು ಕಂಬದಜ್ಜ ಆಸ್ಪತ್ರೆ ಸೇರಿದ. ನಾಲ್ಕನೆಯ ದಿನ ಬೆಳಿಗ್ಗೆ ಸೀಟಿಯ ಹೆಂಡತಿಯೇ ಅವನ ಹಾಸಿಗೆಯ ಬಟ್ಟೆ ತೆಗೆದಳು. ದೀಪದ ಕೋಣೆಯ ಐದು ಜನ ಅವತ್ತು ಗುಳಿಗೆ ಹಂಚಿಕೊಳ್ಳುವಾಗ ರೂಢಿಯ ಮೇಲೆ ಆರು ಪಾಲು ಮಾಡಿದರು. ಆರನೆಯ ಪಾಲನ್ನು ಯಾರೂ ಮುಟ್ಟಲಿಲ್ಲ. ಗುಂಡು ಅದನ್ನು ಕಾಗದದಲ್ಲಿ ಕಟ್ಟಿ ಡಬ್ಬಿಯ ಮೂಲೆಗೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ಅತ್ತ.

ಕೊನೆಯ ಪರೀಕ್ಷೆಯ ದಿನ ಶೀಶೆ ಡಾಕ್ಟ್ರಮ್ಮ ಇರಲಿಲ್ಲ. ಯಾವುದೋ ಸಭೆಗೆ ಎಂದು ಅವಳನ್ನು ಬೇರೆ ಊರಿಗೆ ಕಳಿಸಿದ್ದರು. ದೊಡ್ಡ ಡಾಕ್ಟರೇ ಪಟ್ಟಿ ಹಿಡಿದು ಬಂದು ಅರ್ಧ ಜನರ ನಂಬರು ಕೂಗಿದರು. ಸೀಟಿಯದೂ ಇತ್ತು. ಒಳಗೆ ಹಾಸಿಗೆಯ ಮೇಲೆ ಕೂರಿಸಿ ಮುಕ್ಕಾಲು ಗಂಟೆ ಆಕ್ಸಿಜನ್ ಕೊಟ್ಟರು. ಪಂಪಿನಿಂದ ನಾಲ್ಕು ಸಲ ಎಳೆಸಿದರು. ಆಮೇಲೆ ಊದಿಸಿದರು. ಮುನ್ನೂರ ಅರವತ್ತು. ಇಷ್ಟು ದಿನದಲ್ಲಿ ಎದೆ ಅಷ್ಟು ಹಗುರವಾಗಿದ್ದೇ ಇಲ್ಲ. ಸೀಟಿಗೆ ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದೇಕೆ.

ಹೊರಗೆ ಬಂದು ನೋಡಿದರೆ ಗುಂಡು ಮತ್ತು ಉಳಿದವರು ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕ ನಿಂತಿದ್ದರು. ಒಳಗೆ ಕುರ್ಚಿ ಸಾಲದು, ಅಲ್ಲೇ ಇರಿ ಎಂದಿದ್ದರಂತೆ. ತಲೆ, ಹುಬ್ಬು ಎಲ್ಲ ಧೂಳಿಗೆ ಬೆಳ್ಳಗೆ.

"ನಿಮಗೆ ಪಂಪು ಎಳೆಸಲಿಲ್ವಾ?"

"ಪಂಪೂ ಇಲ್ಲ, ಏನೂ ಇಲ್ಲ," ಎಂದು ಕೆಮ್ಮುತ್ತ ಗುಂಡು ಒಳಗೆ ಹೋದ. ಸೀಟಿಗೆ ಮನಸ್ಸಿನಲ್ಲಿ ಏನೋ ಚುಚ್ಚಿತು. ಆದರೆ ಅದೇನೆಂದು ಅವತ್ತು ತಿಳಿಯಲಿಲ್ಲ.

ತಿಳಿದದ್ದು ಹದಿನೈದು ದಿನದ ಮೇಲೆ, ಗಣಿಯ ಸಭಾಂಗಣದಲ್ಲಿ. ಮಧ್ಯಾಹ್ನದ ಪಾಳಿ ಶುರುವಾಗುವ ಮೊದಲು ಎಲ್ಲರನ್ನೂ ಸೇರಿಸಿದ್ದರು. ವೇದಿಕೆಯ ಮೇಲೆ ಮ್ಯಾನೇಜರ್, ಗುಳಿಗೆ ತಯಾರಿಸುವ ಕಂಪನಿಯ ಇಬ್ಬರು ಅತಿಥಿಗಳು, ಒಂದು ಬದಿಗೆ ಶೀಶೆ ಡಾಕ್ಟ್ರಮ್ಮ. ದೊಡ್ಡ ಡಾಕ್ಟರು ಮೈಕು ಹಿಡಿದು ವರದಿ ಓದಿದರು.

"ಔಷಧಿ ತೆಗೆದುಕೊಂಡವರ ಉಸಿರಿನ ಬಲ ಐದನೇ ಒಂದು ಭಾಗ ಹೆಚ್ಚಾಗಿದೆ. ಸಕ್ಕರೆ ಗುಳಿಗೆಯವರದು ಕಡಿಮೆಯಾಗಿದೆ. ಮಧ್ಯದಲ್ಲಿ ಬಿಟ್ಟು ಹೋದವರು ಒಬ್ಬರು." ಚಪ್ಪಾಳೆ ನಿಲ್ಲುವವರೆಗೆ ತಡೆದು ಮುಂದುವರಿಸಿದರು. "ಹಾಗಾಗಿ ಔಷಧಿಯವರು ಸುಧಾರಿಸಿದ್ದಾರೆ, ಇವತ್ತಿನಿಂದ ಕೆಳಗಿನ ಕೆಲಸಕ್ಕೆ ಯೋಗ್ಯರು. ಉಳಿದವರಿಗೂ ಇನ್ನು ಮುಂದೆ ಇದೇ ಔಷಧಿ ಕೊಡುತ್ತೇವೆ. ಅವರೂ ಕೆಲಸ ಮಾಡಿಕೊಂಡೇ ಗುಣವಾಗಬಹುದು. ಯಾರಿಗೂ ಸರ್ಟಿಫಿಕೇಟಿನ ಅಗತ್ಯ ಕಾಣುವುದಿಲ್ಲ."

ಹೀಗೆ ಅರವತ್ತು ಜನರ ಕಣ್ಣಿಗೆ ಮಣ್ಣೆರಚಿ ಆಯಿತು. ಪೈಪು ಹಾಕಿಸಬೇಕಾದ ಕಡೆ ಸಕ್ಕರೆ ಹಂಚಿ ಕೈತೊಳೆದುಕೊಂಡರು.

ಸೀಟಿಯ ಪಕ್ಕದಲ್ಲಿ ಗುಂಡು ಗೊಣಗಿದ: "ಮದ್ದಿನವರಂತೆ, ಸಕ್ಕರೆಯವರಂತೆ. ನಾವೆಲ್ಲ ತಿಂದಿದ್ದು ಒಂದೇ ಡಬ್ಬಿಯಿಂದಲ್ವೇನೋ."

ಅವತ್ತು ಮನಸ್ಸಿನಲ್ಲಿ ಚುಚ್ಚಿದ್ದು ಏನೆಂದು ಸೀಟಿಗೆ ಆಗ ಗೊತ್ತಾಯಿತು. ನಂಬರು ಕೂಗಿ ಒಳಗೆ ಕರೆದವರೇ ಮದ್ದಿನವರು, ಹೊರಗೆ ಧೂಳಲ್ಲಿ ನಿಂತವರೇ ಸಕ್ಕರೆಯವರು. ಆರು ತಿಂಗಳು ಮುಚ್ಚಿಟ್ಟ ತಪ್ಪನ್ನು ಈಗ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಸುಮ್ಮನೆ ಕೂತರೆ ಇನ್ನರ್ಧ ಗಂಟೆಯಲ್ಲಿ ಸುರಂಗಕ್ಕೆ ಇಳಿಸುವ ಕೇಜು ಹತ್ತಬೇಕು. ಅವನು ಎದ್ದು ನಿಂತ.

"ಸ್ವಾಮಿ, ನಮ್ಮಿಂದ ಒಂದು ತಪ್ಪಾಗಿದೆ."

"ಆಮೇಲೆ ಹೇಳಪ್ಪ," ಎಂದ ಮ್ಯಾನೇಜರ್.

"ಆಮೇಲೆ ನಾನು ಕೆಳಗಿರ್ತೀನಿ. ಈಗಲೇ ಹೇಳ್ತೀನಿ." ಉಸಿರು ಸಾಲದೆ ತಡೆದ. ಸಭೆ ಕಾದಿತು. "ಡಾಕ್ಟ್ರಮ್ಮಾ, ನೀವು ಕೊಟ್ಟ ಶೀಶೆ ಒಬ್ಬೊಬ್ಬರೇ ತಿನ್ನಲಿಲ್ಲ ನಾವು. ಮೊದಲ್ನೇ ದಿನದಿಂದ ಆರೂ ಶೀಶೆ ಡಬ್ಬಿಗೆ ಸುರಿದು ಕುಲುಕಿ ಹಂಚಿಕೊಂಡ್ವಿ. ನನಗೆ ಸಿಕ್ಕಿದ್ದೇ ಗುಂಡನಿಗೂ ಸಿಕ್ಕಿದೆ. ಹಂಗಿದ್ಮೇಲೆ ನಾನು ಹೆಂಗೆ ಸುಧಾರಿಸಿದೆ, ಅವನು ಹೆಂಗೆ ಇಳಿದುಹೋದ?"

ಡಾಕ್ಟ್ರಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ದೊಡ್ಡ ಡಾಕ್ಟರು ನಗಲು ನೋಡಿದರು. "ಒಂದು ಗ್ಯಾಂಗಿನವರು ಅವಿವೇಕ ಮಾಡಿದರೆ ಇಡೀ ಪ್ರಯೋಗ ಸುಳ್ಳಾಗಲ್ಲ."

ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಎದ್ದ. ಮೂರನೆಯ ಗ್ಯಾಂಗಿನ ಟ್ರಾಲಿ ತಳ್ಳುವವನು. ತಲೆ ಕೆರೆದುಕೊಂಡು ಹೇಳಿದ: "ನಮ್ಮದೂ ಡಬ್ಬಿಗೇ ಹೋಯ್ತು ಸ್ವಾಮಿ."

"ನಮ್ಮದೂ," ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ.

"ನಮ್ಮ ಗ್ಯಾಂಗಿಂದೂ."

ಹತ್ತು ಗ್ಯಾಂಗು, ಹತ್ತು ಡಬ್ಬಿ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಬೇರೆ ಗ್ಯಾಂಗಿಗೆ ತಿಳಿದರೆ ಸುದ್ದಿ ಆಫೀಸಿಗೆ ಮುಟ್ಟೀತೆಂದು ಹೆದರಿ, ಹತ್ತೂ ಗ್ಯಾಂಗಿನವರು ಮಾಡಿದ್ದು ಒಂದೇ ಕೆಲಸ. ಉಳಿದಿದ್ದ ಐವತ್ತೊಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೋ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ಸಾಲಿನಿಂದ ಸಾಲಿಗೆ ಹಬ್ಬಿತು.

"ಕೊನೇ ದಿನ ನಮಗೆ ಆಕ್ಸಿಜನ್ ಕೊಟ್ಟು ಊದಿಸಿದ್ರಿ," ಎಂದ ಸೀಟಿ, ಕೆಮ್ಮು ಇಳಿದ ಮೇಲೆ. "ಅವರನ್ನ ಧೂಳಲ್ಲಿ ನಿಲ್ಲಿಸಿ ಊದಿಸಿದ್ರಿ. ಗುಳಿಗೆದೇನು ತಪ್ಪು ಅದರಲ್ಲಿ? ಅದು ಕೆಲಸ ಮಾಡುತ್ತೋ ಇಲ್ವೋ, ಪಾಪ, ಅದಕ್ಕೂ ನೀವು ಪರೀಕ್ಷೆ ಕೊಡೋಕೆ ಬಿಡಲಿಲ್ಲ. ಇನ್ನೊಂದು ಮಾತು. ನಮ್ಮ ಕಂಬದಜ್ಜ ಬಿಟ್ಟು ಹೋದವನಲ್ಲ. ಸತ್ತವನು. ಹಂಗಂತ ಬರೀರಿ."

"ಸಭೆ ಮುಗಿಯಿತು," ಎಂದು ಮ್ಯಾನೇಜರ್ ಮೈಕು ಆರಿಸಿದ. ಅತಿಥಿಗಳು ಎದ್ದರು.

"ಒಂದು ನಿಮಿಷ." ಶೀಶೆ ಡಾಕ್ಟ್ರಮ್ಮ ಮೈಕಿಲ್ಲದೆಯೇ ಮಾತಾಡಿದಳು. "ಸರ್, ಆ ದಿನ ನಾನಿರಲಿಲ್ಲ. ಯಾರಿಗೆ ಯಾವುದು ಅನ್ನೋ ಪಟ್ಟಿ ಮುಚ್ಚಿದ ಲಕೋಟೆಯಲ್ಲಿರಬೇಕಿತ್ತು. ಅದು ನಿಮ್ಮ ಕೈಗೆ ಹೇಗೆ ಬಂತು?"

"ನಿನ್ನ ಕೆಲಸದ ಬಗ್ಗೆ ಯೋಚನೆ ಮಾಡಮ್ಮ," ಎಂದರು ದೊಡ್ಡ ಡಾಕ್ಟರು, ತಣ್ಣಗೆ.

ಅವಳು ಯೋಚನೆ ಮಾಡಿದಳು. ಸೀಟಿ ಅವಳ ಮುಖವನ್ನೇ ನೋಡುತ್ತಿದ್ದ, ಅಲ್ಲಿ ಭಯವಿತ್ತು. ಮನೆಯಲ್ಲಿ ಅವಳ ಸಂಬಳ ಕಾಯುವವರು ಯಾರಿದ್ದರೋ. ಬಾಗಿಲ ಬಳಿ ಒದ್ದೆ ಸೆರಗಿನಲ್ಲಿ ನಿಂತಿದ್ದ ಸೀಟಿಯ ಹೆಂಡತಿ ಇಷ್ಟೇ ಹೇಳಿದಳು: "ಆ ಊದೋ ಕೊಳವೆ ನಿಮ್ಮ ಚೀಲದಲ್ಲೇ ಇರುತ್ತಲ್ಲ ತಾಯಿ."

ಡಾಕ್ಟ್ರಮ್ಮ ಚೀಲ ತೆಗೆದಳು. ವೇದಿಕೆ ಇಳಿದು ಬಂದು ಕೊಳವೆಯನ್ನು ಸೀಟಿಯ ಕೈಗೆ ಕೊಟ್ಟಳು. ಅವನು ಎದೆಯಲ್ಲಿದ್ದಷ್ಟನ್ನೂ ಸೇರಿಸಿ ಊದಿದ. ಕಣ್ಣು ಕತ್ತಲೆ ಬಂತು. ಮುಳ್ಳು ಓಡಲಿಲ್ಲ, ಸ್ವಲ್ಪ ದೂರ ತೆವಳಿ ನಿಂತಿತು.

"ಇನ್ನೂರ ಮೂವತ್ತು," ಎಂದ ಅವನೇ. "ಮೊದಲ್ನೇ ದಿನ ಮುನ್ನೂರು."

ಕೊಳವೆ ಕೈಯಿಂದ ಕೈಗೆ ಹೋಯಿತು. ಮುಳ್ಳು ಎಲ್ಲಿ ನಿಂತಿದೆ ಎಂದು ಅಕ್ಷರ ಬರದವರೂ ನೋಡಿದರು. ಡ್ರಿಲ್ಲು ಹಿಡಿದವರೇ ಎಲ್ಲ, ಒತ್ತಡ ಬಿದ್ದುಹೋದ ಯಂತ್ರ ಯಾವುದೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಯಾರೂ ಹೇಳದೆಯೇ ಸಾಲು ಕಟ್ಟಿದರು. ಡಾಕ್ಟ್ರಮ್ಮ ನೆಲದ ಮೇಲೆ ಕೂತು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡಳು. ಸೀಟಿಯ ಹೆಂಡತಿ ಪ್ರತಿಯೊಬ್ಬರೂ ಊದಿದ ಮೇಲೆ ಕೊಳವೆಯ ಬಾಯಿಯನ್ನು ತೊಳೆದು ಕೊಡುತ್ತಿದ್ದಳು.

ಗುಂಡು ಊದಿದ, ನೂರ ಎಂಬತ್ತು. ಟ್ರಾಲಿಯವನು ಊದಿದ, ಇನ್ನೂರ ಹತ್ತು.

ಮಧ್ಯಾಹ್ನದ ಪಾಳಿಯ ಸೈರನ್ ಕೂಗಿತು. ಕೇಜಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಹೊರಗಿನಿಂದ ಮ್ಯಾನೇಜರ್ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದ, ಇವತ್ತು ಇಳಿಯದವರು ನಾಳೆ ಗೇಟಿನ ಒಳಗೆ ಬರುವುದು ಬೇಡ ಎನ್ನುತ್ತಿದ್ದ. ಅದು ಬರೀ ಬೆದರಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸರ್ಟಿಫಿಕೇಟು ಇನ್ನೂ ಯಾರ ಕೈಗೂ ಬಂದಿರಲಿಲ್ಲ.

ಸಾಲಿನಿಂದ ಒಬ್ಬನೂ ಕದಲಲಿಲ್ಲ. ಕೇಜು ಖಾಲಿಯಾಗಿ ಇಳಿಯಿತು. ಖಾಲಿಯಾಗಿಯೇ ಮೇಲೆ ಬಂತು.

ಸೀಟಿ ತಾನು ಊದಿದ ಮೇಲೆ ದೀಪದ ಕೋಣೆಗೆ ಹೋಗಿ ತಂದಿದ್ದ, ತಿಂಗಳ ಅಂಕಿಗಳನ್ನು ಗೀರಿದ್ದ ಡಬ್ಬಿಯ ಮುಚ್ಚಳವನ್ನು ಡಾಕ್ಟ್ರಮ್ಮನ ಮುಂದಿಟ್ಟು, ಕಾಗದದಲ್ಲಿ ಕಟ್ಟಿದ್ದ ಕಂಬದಜ್ಜನ ಪಾಲನ್ನು ಅದರ ಪಕ್ಕಕ್ಕೆ ಸರಿಸಿದ.

"ಇವನಿಗೆ ಊದೋಕಾಗಲ್ಲ ತಾಯಿ," ಎಂದ. "ಇವನ ಹೆಸರು ಮೊದಲು ಬರ್ಕೊಳ್ಳಿ."